ರಕ್ತ ಸಿಕ್ಕಿತು ಅಂತ ಒಂದು ಮಾತು ಹೇಳಿ

ಭಾನುವಾರ ರಾತ್ರಿ ಆಸ್ಪತ್ರೆಯಿಂದ ಮನೆಗೆ ಬಂದಾಗ 2 ಗಂಟೆ ದಾಟಿತ್ತು. ಮಲಗಿದರೆ ನಿದ್ದೆ ಹತ್ತಲಿಲ್ಲ. ಎರಡು ದಿನ ಸುಮ್ಮನಿದ್ದೆ. ಇವತ್ತು ಬರೆದೇ ಬಿಡೋಣ ಅನ್ನಿಸಿತು. ಖುಷಿಯೂ ಇದೆ, ಸಿಟ್ಟೂ ಇದೆ.

ತಂಗಿಯ ಸೊಸೆಗೆ ಹೆರಿಗೆ ಆಯಿತು. ಆಮೇಲೆ ರಕ್ತ ಹೋಗೋದು ನಿಲ್ಲಲಿಲ್ಲ. ಅವಳದ್ದು ಓ ನೆಗೆಟಿವ್. ಆ ಗುಂಪಿನವರಿಗೆ ಅದೇ ಗುಂಪಿನ ರಕ್ತ ಬೇಕು, ಬೇರೆ ಯಾವುದೂ ಆಗಲ್ಲ. ನಮ್ಮ ಕಡೆ ಎಲ್ಲ ನೆಗೆಟಿವ್ ಗುಂಪಿನವರನ್ನು ಸೇರಿಸಿದರೂ ನೂರಕ್ಕೆ ಐದಾರು ಜನ ಇದ್ದಾರು, ಅಷ್ಟೇ. ಬ್ಲಡ್ ಬ್ಯಾಂಕಿನಲ್ಲಿ 2 ಯೂನಿಟ್ ಇತ್ತು. ಅದನ್ನು ತಕ್ಷಣ ಕೊಟ್ಟರು. ಇನ್ನೂ ಬೇಕಾದರೂ ಬೇಕಾಗಬಹುದು, ದಾನಿಗಳನ್ನು ಹುಡುಕಿಕೊಳ್ಳಿ ಅಂದರು. ಆಗ ರಾತ್ರಿ 9:40. ನನಗೆ ಕೈಕಾಲು ಆಡಲಿಲ್ಲ. ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆ ಯಾವುದು, ವಾರ್ಡ್ ಯಾವುದು, ಎಷ್ಟು ಯೂನಿಟ್, ಯಾರ ನಂಬರ್ ಕೊಡಲಿ ಅಂತ ನಾಲ್ಕು ಪ್ರಶ್ನೆ ಕೇಳಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದಳು. ಒಂದು ಗಂಟೆಯೊಳಗೆ ಇಬ್ಬರು ಹುಡುಗರು ಬಂದರು. ಒಬ್ಬ ಹರಿಹರದಿಂದ ಬೈಕಿನಲ್ಲಿ ಬಂದಿದ್ದ, ಡಿಪ್ಲೊಮಾ ಓದುವವನು. ಇನ್ನೊಬ್ಬ ಇಲ್ಲೇ ದಾವಣಗೆರೆಯಲ್ಲಿ ಊಟದ ಪಾರ್ಸೆಲ್ ತಲುಪಿಸುವ ಕೆಲಸ ಮಾಡುವವನು. ಕೊನೆಯ ಆರ್ಡರ್ ಕೊಟ್ಟು ಅದೇ ಬ್ಯಾಗ್ ಹಾಕಿಕೊಂಡು ಬಂದಿದ್ದ.

ನಿಮಗೆ ಗೊತ್ತೇ ಇದೆ, ಕಾಲೇಜಿನಲ್ಲಿ ನಾನು ಎಷ್ಟು ವರ್ಷ ಎನ್‌ಎಸ್‌ಎಸ್ ನೋಡಿಕೊಂಡೆ ಅಂತ. ಹುಡುಗರು ಬರ್ತಾರೆ ಅನ್ನೋದರ ಬಗ್ಗೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ಆದರೂ ಆ ಹೊತ್ತಿನಲ್ಲಿ ಅವರ ಮುಖ ನೋಡಿ ಗಂಟಲು ಕಟ್ಟಿತು.

ಆಗಲೇ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಶುರು ಮಾಡಿದರು. ಈಗಿನ ಹುಡುಗರು ಮೊಬೈಲಿನಿಂದ ತಲೆಯೇ ಎತ್ತಲ್ಲ, ಸಮಾಜದ ಚಿಂತೆಯೇ ಇಲ್ಲ ಅಂತ. ಎದುರಿಗೆ ಒಬ್ಬ ಹುಡುಗ ತೋಳು ಮಡಚಿ ಹತ್ತಿ ಒತ್ತಿ ಹಿಡಿದುಕೊಂಡು ಕೂತಿದ್ದಾನೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನನ್ನು ಇಲ್ಲಿಗೆ ಕರೆತಂದಿದ್ದೇ ಆ ಮೊಬೈಲು ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಆ ಹರಿಹರದ ಹುಡುಗ ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಫೋನ್ ತೆಗೆದು ನನಗೆ ತೋರಿಸಿದ. ಆ ಒಂದು ವಾರದಲ್ಲಿ ಅವನಿಗೆ ಬಂದಿದ್ದ ರಕ್ತ ಬೇಕು ಅನ್ನುವ ಮೆಸೇಜುಗಳು. ಹನ್ನೊಂದು ಇದ್ದವು. ದಿನಾಂಕ ಇದ್ದದ್ದು ಎರಡರಲ್ಲಿ ಮಾತ್ರ. "ಅರ್ಜೆಂಟ್, ದಯವಿಟ್ಟು ಶೇರ್ ಮಾಡಿ" ಅಂತ ಎಲ್ಲದರಲ್ಲೂ ಇತ್ತು. ಯಾವ ಊರು ಅಂತ ಕೆಲವದರಲ್ಲಿ ಇರಲೇ ಇಲ್ಲ. ಅವನು ಏಳಕ್ಕೆ ಫೋನ್ ಮಾಡಿದ್ದನಂತೆ. ಮೂರು ನಂಬರ್ ಎತ್ತಲಿಲ್ಲ. ಇಬ್ಬರು ಆಗಲೇ ಸಿಕ್ಕಿದೆ ಅಂದರು. ಒಂದು ಬೇರೆ ರಾಜ್ಯದ್ದು. ಇನ್ನೊಂದು ಹೋದ ವರ್ಷದ್ದು. "ಒಂದ್ಸಲ ಆಸ್ಪತ್ರೆವರೆಗೂ ಹೋಗಿ ವಾಪಸ್ ಬಂದಿದೀನಿ ಸರ್. ಬೇಡ ಆಗಿತ್ತು, ಯಾರೂ ಹೇಳಿರಲಿಲ್ಲ. ನಿಮ್ಮದರಲ್ಲಿ ಟೈಮು, ವಾರ್ಡು ಎಲ್ಲ ಇತ್ತು, ಅದಕ್ಕೇ ಬಂದೆ" ಅಂದ.

ಇದೇ ನನ್ನ ಸಿಟ್ಟು. ಕರೆಯೋದಷ್ಟೇ ನಮಗೆ ಗೊತ್ತು. ಕರೆದ ಮೇಲೆ ಏನಾಯಿತು ಅಂತ ಹೇಳೋದು ಗೊತ್ತಿಲ್ಲ. ನಾವು ಪೋಸ್ಟ್ ಹಾಕುತ್ತೇವೆ, ನಮ್ಮ ಕೆಲಸ ಮುಗಿಯುತ್ತದೆ, ಮರೆತುಬಿಡುತ್ತೇವೆ. ಆ ಪೋಸ್ಟ್ ಮಾತ್ರ ತಿಂಗಳುಗಟ್ಟಲೆ ಓಡಾಡುತ್ತಾ ಒಳ್ಳೆಯ ಮನಸ್ಸಿನ ಹುಡುಗರನ್ನು ಸುಸ್ತು ಮಾಡುತ್ತದೆ. ನಾಲ್ಕು ಸಲ ಹೀಗಾದರೆ ಐದನೇ ಸಲ ಯಾರು ಫೋನ್ ಎತ್ತುತ್ತಾರೆ? ಆಮೇಲೆ ಯುವಕರಿಗೆ ಕಾಳಜಿ ಇಲ್ಲ ಅಂತ ನಾವೇ ಭಾಷಣ ಮಾಡುತ್ತೇವೆ.

ಕಾಲೇಜಿನ ನೋಟಿಸ್ ಬೋರ್ಡ್ ನೆನಪಾಗುತ್ತದೆ. ಅದರಲ್ಲಿ ತಾರೀಕು ಇರುತ್ತಿತ್ತು, ಪ್ರಿನ್ಸಿಪಾಲರ ಸಹಿ ಇರುತ್ತಿತ್ತು. ಕಾರ್ಯಕ್ರಮ ಮುಗಿದ ಮಾರನೆಯ ದಿನ ಅಟೆಂಡರ್ ಬಂದು ಹಾಳೆ ಕಿತ್ತು ತೆಗೆಯುತ್ತಿದ್ದರು. ವಾಟ್ಸಾಪಿನಲ್ಲಿ ಆ ಹಾಳೆ ಕಿತ್ತು ತೆಗೆಯೋರು ಯಾರೂ ಇಲ್ಲ. ಹಚ್ಚಿದವರೇ ತೆಗೆಯಬೇಕು.

ಇಲ್ಲಿ ಒಂದು ವಿಷಯ ಹೇಳಿಕೊಳ್ಳಬೇಕು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ನನಗೂ ಇಂಥದ್ದೇ ಮೆಸೇಜ್ ಬಂದಿತ್ತು. ಚಿಕ್ಕ ಮಗುವಿಗೆ ಪ್ಲೇಟ್‌ಲೆಟ್ ಬೇಕು ಅಂತ. ನೋಡದೆ ಮಾಡದೆ ಆರು ಗುಂಪಿಗೆ ಕಳಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು. ಸಂಜೆ ಯಾಕೋ ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಮಗುವಿನ ಅಪ್ಪ. ಮಗು ಹೋಗಿ ನಾಲ್ಕು ತಿಂಗಳಾಗಿತ್ತು. "ದಿನಾ ಯಾರಾದರೂ ಫೋನ್ ಮಾಡ್ತಾರೆ ಸರ್" ಅಂದರು. ಬೈಯಲಿಲ್ಲ. ಆ ಧ್ವನಿ ಇವತ್ತಿಗೂ ಕಿವಿಯಲ್ಲಿದೆ. ಆ ದಿನ ಅವರಿಗೆ ಬಂದ ಫೋನುಗಳಲ್ಲಿ ಎಷ್ಟು ನನ್ನಿಂದ ಹೋದವೋ ನನಗೆ ಗೊತ್ತಿಲ್ಲ.

ಹಾಗಂತ ಇದು ಆಗದ ಕೆಲಸವೇನಲ್ಲ. ಈ ಹುಡುಗರೇ ಮಾಡಿ ತೋರಿಸಿದ್ದಾರೆ. 2021ರ ಏಪ್ರಿಲ್, ಮೇ ನೆನಪಿದೆಯಲ್ಲ? ಆಕ್ಸಿಜನ್ ಇಲ್ಲ, ಬೆಡ್ ಇಲ್ಲ. ಮನೆಯಲ್ಲಿ ಕೂತಿದ್ದ ಕಾಲೇಜು ಮಕ್ಕಳು ಪಟ್ಟಿ ಮಾಡಿ, ಒಂದೊಂದು ನಂಬರಿಗೂ ಫೋನ್ ಹಚ್ಚಿ, ಇಷ್ಟು ಗಂಟೆಗೆ ವಿಚಾರಿಸಿದ್ದೇವೆ ಅಂತ ಪಕ್ಕದಲ್ಲಿ ಬರೆಯುತ್ತಿದ್ದರು. ಮುಗಿದಿದ್ದರೆ ಮುಗಿದಿದೆ ಅಂತಲೂ ಹಾಕುತ್ತಿದ್ದರು. ಆಗ ಕಾಲೇಜು ಮುಚ್ಚಿ ರಕ್ತದಾನ ಶಿಬಿರಗಳೂ ನಿಂತಿದ್ದವು. ಮೇ 1ರಿಂದ 18 ದಾಟಿದವರಿಗೆಲ್ಲ ಲಸಿಕೆ ಅಂತಾಯಿತು. ಲಸಿಕೆ ತಗೊಂಡರೆ 28 ದಿನ ರಕ್ತ ಕೊಡೋ ಹಾಗಿಲ್ಲ ಅನ್ನೋ ನಿಯಮ ಇತ್ತು, ಆಮೇಲೆ ಅದನ್ನು 14 ದಿನಕ್ಕೆ ಇಳಿಸಿದರು. ಲಸಿಕೆಗೆ ಮುಂಚೆ ರಕ್ತ ಕೊಟ್ಟು ಹೋಗಿ ಅಂತ ಎಷ್ಟೋ ಊರಲ್ಲಿ ಹುಡುಗರು ಆನ್‌ಲೈನಿನಲ್ಲೇ ಒಬ್ಬರಿಗೊಬ್ಬರು ಹೇಳಿಕೊಂಡು ಬ್ಲಡ್ ಬ್ಯಾಂಕಿಗೆ ಹೋದರು. ಅವರಿಗೆ ಯಾವ ಅಧಿಕಾರಿ ತರಬೇತಿ ಕೊಟ್ಟಿದ್ದರು? ಸುಳ್ಳು ನಂಬರಿಗೆ ಫೋನ್ ಮಾಡಿ ಮಾಡಿ ತಾವೇ ಸೋತಿದ್ದರಲ್ಲ, ಅದರಿಂದ ಕಲಿತದ್ದು.

ಅದೇ ಹುಡುಗರನ್ನು ನಮ್ಮ ದೊಡ್ಡವರು ಶಿಬಿರಕ್ಕೆ ಕರೆಯುವ ರೀತಿ ನೋಡಬೇಕು. ಹೋದ ತಿಂಗಳು ಒಂದು ಶಿಬಿರಕ್ಕೆ ಹೋಗಿದ್ದೆ. ಪೋಸ್ಟರಿನಲ್ಲಿ ಒಂಬತ್ತು ಅತಿಥಿಗಳ ಫೋಟೊ ಇತ್ತು. ಊಟ ಮಾಡಿ ಬನ್ನಿ, ಕನಿಷ್ಠ 45 ಕೆಜಿ ತೂಕ ಇರಲಿ ಅನ್ನುವ ಎರಡು ಸಾಲಿಗೆ ಜಾಗ ಇರಲಿಲ್ಲ. 9 ಗಂಟೆಗೆ ಬಂದ ಮಕ್ಕಳು ಅತಿಥಿಗಳಿಗಾಗಿ 11:30ರವರೆಗೆ ಕಾದರು. ಹಸಿದ ಹೊಟ್ಟೆಯಲ್ಲಿ ರಕ್ತ ಕೊಟ್ಟ ಒಬ್ಬ ಹುಡುಗಿ ತಲೆ ತಿರುಗಿ ಕೂತಳು. ಸಂಜೆ ಫೋಟೊ ಬಂತು, ಅತಿಥಿಗಳದ್ದು. ಎಷ್ಟು ಯೂನಿಟ್ ಆಯಿತು, ಅದು ಯಾರಿಗೆ ಉಪಯೋಗ ಆಗುತ್ತೆ, ಒಂದು ಮಾತಿಲ್ಲ. ಆ ಹುಡುಗಿ ಮತ್ತೆ ಬರ್ತಾಳಾ?

ಸ್ನೇಹಿತರೊಬ್ಬರು ಹೇಳಿದರು, ಹುಡುಗರು ಬರೋದೇ ಸೆಲ್ಫಿಗೆ, ರೀಲ್ಸಿಗೆ ಅಂತ. ತೆಗೆದುಕೊಳ್ಳಲಿ ಬಿಡಿ. ಅವರು ಸೆಲ್ಫಿ ತಗೊಂಡರು ಅಂತ ಆ 350 ಎಂಎಲ್ ರಕ್ತ ಕಡಿಮೆ ಆಗುತ್ತಾ? ಆ ಸೆಲ್ಫಿ ನೋಡಿ ಇನ್ನೊಬ್ಬ ಧೈರ್ಯ ಮಾಡ್ತಾನೆ. ರೋಗಿಯ ಮುಖ ತೋರಿಸಬೇಡಿ, ಅಷ್ಟು ಹೇಳಿದರೆ ಸಾಕು. ಕೇಳ್ತಾರೆ.

ಇನ್ನೊಂದು ಮಾತು. ಆ ಇಬ್ಬರು ಹುಡುಗರ ರಕ್ತ ಅವತ್ತೇ ನಮ್ಮ ಹುಡುಗಿಗೆ ಹೋಗಲಿಲ್ಲ. ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ ಎಲ್ಲ ಪರೀಕ್ಷೆ ಆಗದೆ ಯಾರ ರಕ್ತವನ್ನೂ ಕೊಡಲ್ಲ. ಅದಕ್ಕೆ ಗಂಟೆಗಟ್ಟಲೆ ಬೇಕು. ಅವಳನ್ನು ಉಳಿಸಿದ್ದು ಮೊದಲೇ ಯಾರೋ ಕೊಟ್ಟು ಹೋಗಿದ್ದ ಆ 2 ಯೂನಿಟ್. ಹೆಸರೂ ಗೊತ್ತಿಲ್ಲದ ಯಾರೋ. ಹಾಗಾಗಿ ಅರ್ಜೆಂಟ್ ಇದ್ದಾಗ ಕೂಗೋದಕ್ಕಿಂತ ಜಾಸ್ತಿ ಮುಖ್ಯವಾದದ್ದು, ಮೂರು ತಿಂಗಳಿಗೊಮ್ಮೆ ಕೊಡುವ ಹುಡುಗರನ್ನು, ನಾಲ್ಕು ತಿಂಗಳಿಗೊಮ್ಮೆ ಕೊಡುವ ಹುಡುಗಿಯರನ್ನು ಉಳಿಸಿಕೊಳ್ಳೋದು. ಥಲಸ್ಸೆಮಿಯಾ ಅನ್ನುವ ರಕ್ತದ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕು. ಅವರಿಗೆ ಪ್ರತಿ ಸಲ ಪೋಸ್ಟ್ ಹಾಕಿಕೊಂಡು ಕೂರೋಕೆ ಆಗುತ್ತಾ?

ಪೋಸ್ಟ್ ಹಾಕುವ ಮೊದಲು ಇ-ರಕ್ತಕೋಶ್ ಜಾಲತಾಣದಲ್ಲಿ ಹತ್ತಿರದ ಬ್ಲಡ್ ಬ್ಯಾಂಕಿನಲ್ಲಿ ಏನಿದೆ ಅಂತ ನೋಡಿ, ಫೋನ್ ಮಾಡಿ ಕೇಳಿ. ಹಾಕಲೇಬೇಕು ಅಂದರೆ ತಾರೀಕು, ಗಂಟೆ, ಊರು, ಆಸ್ಪತ್ರೆ ಬರೆಯಿರಿ. ಸಿಕ್ಕ ಮೇಲೆ ಎಲ್ಲೆಲ್ಲಿ ಹಾಕಿದ್ದಿರೋ ಅಲ್ಲೆಲ್ಲ ಸಿಕ್ಕಿತು ಅಂತ ಹಾಕಿ.

ಇಷ್ಟೆಲ್ಲ ಬರೆಯುವ ನಾನೇ ಆ ಇಬ್ಬರಿಗೆ ಫೋನ್ ಮಾಡೋದನ್ನು ಮರೆತಿದ್ದೆ. ಸೋಮವಾರ ಸಂಜೆ ಹರಿಹರದ ಹುಡುಗನೇ ಮೆಸೇಜ್ ಮಾಡಿದ, "ಸರ್, ಅಕ್ಕ ಹೇಗಿದ್ದಾರೆ?" ಅಂತ. ನಾಚಿಕೆ ಆಯಿತು. ಇಬ್ಬರಿಗೂ ಆಗಲೇ ಫೋನ್ ಮಾಡಿ ಮಾತಾಡಿದೆ.

ಭಾನುವಾರ ರಾತ್ರಿಯ ಆ ಓ ನೆಗೆಟಿವ್ ಮೆಸೇಜ್ ಇನ್ನೂ ಕೆಲವು ಗುಂಪುಗಳಲ್ಲಿ ಓಡಾಡುತ್ತಿದೆ. ಇವತ್ತು ಬೆಳಿಗ್ಗೆ ರಾಣೆಬೆನ್ನೂರಿನಿಂದ ಒಬ್ಬರು ಫೋನ್ ಮಾಡಿದ್ದರು. ನಿಮ್ಮಲ್ಲಿ ಯಾರಿಗೆ ಬಂದಿದ್ದರೂ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ನಿಮಗೆ ಕಳಿಸಿದವರಿಗೂ ತಿಳಿಸಿ. ರಕ್ತ ಸಿಕ್ಕಿದೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಣ್ಣು ಮಗು.