ಬಿಲ್ಡ್ ಬಿದ್ದರೆ ಕೋರ್ ಹೆಚ್ಚಿಸಬೇಡಿ, ಮೊದಲು ಕರ್ನಲ್ ಲಾಗ್ ನೋಡಿ

ಲಿನಕ್ಸ್ ವರ್ಚುವಲ್ ಮಷೀನಿನಲ್ಲಿ (ವಿಎಂ, ಅಂದರೆ ಹೋಸ್ಟ್ ಅನ್ನುವ ನಿಜವಾದ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಬಿಲ್ಡ್, ಅಂದರೆ ಸೋರ್ಸ್ ಕೋಡಿನಿಂದ ಪ್ರೋಗ್ರಾಂ ತಯಾರಿಸುವ ಕೆಲಸ, ನಿಧಾನವಾದರೆ, ಅರ್ಧಕ್ಕೇ ಬಿದ್ದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ವಿಎಂನ ಸಿಪಿಯು ಕೋರ್ ಹೆಚ್ಚಿಸುವುದು. ಆಗಲಿಲ್ಲವೆಂದರೆ ಎಲ್ಲ ಅಳಿಸಿ ಮತ್ತೆ ಮೊದಲಿಂದ ಓಡಿಸುವುದು. ಈ ಎರಡನ್ನೂ ನಾನು ಒಪ್ಪುವುದಿಲ್ಲ. ಎಷ್ಟೋ ಸಲ ಕೋರ್ ಹೆಚ್ಚಿಸಿದ್ದರಿಂದಲೇ ಬಿಲ್ಡ್ ಬಿದ್ದಿರುತ್ತದೆ.

4 ಜಿಬಿ ಮೆಮೊರಿಯ ವಿಎಂಗೆ 8 ಕೋರ್ ಕೊಟ್ಟು, ಮೇಕ್‌ಗೆ (ಬಿಲ್ಡ್ ನಡೆಸುವ ಪ್ರೋಗ್ರಾಂ) ಮೈನಸ್ ಜೆ 8, ಅಂದರೆ ಎಂಟು ಕೆಲಸ ಒಟ್ಟಿಗೆ ನಡೆಸು, ಅಂದಿದ್ದೀರಿ ಅಂದುಕೊಳ್ಳಿ. ಟೆಂಪ್ಲೇಟ್ ತುಂಬಿದ ಒಂದೇ ಸಿ++ ಫೈಲ್ ಕಂಪೈಲ್ ಆಗುವಾಗ 1 ಜಿಬಿ ಮೆಮೊರಿ ನುಂಗುವುದು ಅಪರೂಪವೇನಲ್ಲ. ಅಂಥವು ಎಂಟು ಒಟ್ಟಿಗೆ ಶುರುವಾದರೆ? ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇದ್ದರೆ ಯಂತ್ರ ತೆವಳುತ್ತದೆ. ಅದೂ ತುಂಬಿತೋ, ಕರ್ನಲ್‌ನ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಭಾಗ) ಬಂದು ಕಂಪೈಲರನ್ನೇ ಮುಗಿಸುತ್ತದೆ. ಪರದೆಯಲ್ಲಿ ಉಳಿಯುವುದು 'ಕಿಲ್ಡ್' ಅನ್ನುವ ಮಾತು, ಜೊತೆಗೆ ಜಿಸಿಸಿ ಕಂಪೈಲರಿನ ಸಿ++ ಭಾಗವಾದ ಸಿಸಿ1ಪ್ಲಸ್ ಹೆಸರು. ಅಷ್ಟು ನೋಡಿ ಜಿಸಿಸಿಯೇ ಕೆಟ್ಟಿದೆ ಅಂತ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುವವರನ್ನು ಕಂಡರೆ ಸಂಕಟವಾಗುತ್ತದೆ. ರೂಟ್ ಆಗಿ (ಎಲ್ಲ ಹಕ್ಕಿರುವ ಬಳಕೆದಾರನಾಗಿ) ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ (dmesg) ಓಡಿಸಿ. 'ಔಟ್ ಆಫ್ ಮೆಮೊರಿ' ಅನ್ನುವ ಸಾಲು, ಸತ್ತ ಪ್ರೊಸೆಸ್ ಯಾವುದು, ಎಷ್ಟು ಮೆಮೊರಿ ಹಿಡಿದಿತ್ತು, ಎಲ್ಲ ಅಲ್ಲೇ ಇರುತ್ತದೆ. ಕಂಟೈನರ್ (ಪ್ರೋಗ್ರಾಂಗಳನ್ನು ಬೇರ್ಪಡಿಸಿ ಓಡಿಸುವ ಆವರಣ) ಒಳಗೆ ಎಕ್ಸಿಟ್ ಕೋಡ್ 137 ಬಂದರೂ ಹೆಚ್ಚಾಗಿ ಇದೇ ಕಥೆ: 128ಕ್ಕೆ ಸಿಗ್ನಲ್ 9 (ಬಲವಂತವಾಗಿ ಕೊಲ್ಲುವ ಸಂಕೇತ) ಕೂಡಿದ್ದು. ಜೆ ಅನ್ನು 2ಕ್ಕೆ ಇಳಿಸಿ ನೋಡಿ. ಸ್ವಾಪ್‌ನಲ್ಲಿ ಒದ್ದಾಡುತ್ತಿದ್ದ ಬಿಲ್ಡ್ ಆದರೆ ಮುಂಚಿಗಿಂತ ಬೇಗನೇ ಮುಗಿಯಬಹುದು. ಅಂದಹಾಗೆ, ಜೆ ಮುಂದೆ ಸಂಖ್ಯೆಯನ್ನೇ ಕೊಡದಿದ್ದರೆ ಮೇಕ್‌ಗೆ ಮಿತಿಯೇ ಇರುವುದಿಲ್ಲ.

ಬೀಳದೆ ಬರೀ ನಿಧಾನವಾಗಿದ್ದರೆ ಪಕ್ಕದ ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ 1 (ಸೆಕೆಂಡಿಗೊಮ್ಮೆ ಯಂತ್ರದ ಸ್ಥಿತಿ ತೋರಿಸುವ ಆಜ್ಞೆ) ಹಾಕಿಡಿ. ಎಸ್‌ಐ, ಎಸ್‌ಓ ಕಾಲಂಗಳು ಕುಣಿಯುತ್ತಿದ್ದರೆ ಸ್ವಾಪ್. ಡಬ್ಲ್ಯೂಎ ಏರಿದ್ದರೆ ಡಿಸ್ಕ್. ಎಸ್‌ಟಿ ಏರಿದ್ದರೆ ಹೋಸ್ಟ್ ನಿಮ್ಮ ಪಾಲಿನ ಸಿಪಿಯುವನ್ನು ಬೇರೆಯವರಿಗೆ ಕೊಡುತ್ತಿದೆ, ವಿಎಂ ಒಳಗೆ ಕೂತು ಏನು ತಿದ್ದಿದರೂ ಉಪಯೋಗವಿಲ್ಲ.

ಇನ್ನೊಂದು, ಸೋರ್ಸ್ ಕೋಡನ್ನು ಹೋಸ್ಟ್ ಜೊತೆಗಿನ ಶೇರ್ಡ್ ಫೋಲ್ಡರ್‌ನಲ್ಲಿ ಇಟ್ಟು ಬಿಲ್ಡ್ ಮಾಡುವ ಅಭ್ಯಾಸ. ಒಂದೊಂದು ಹೆಡರ್ (ಕೋಡ್ ತನ್ನೊಳಗೆ ಸೇರಿಸಿಕೊಳ್ಳುವ ಫೈಲ್) ಹುಡುಕುವಾಗಲೂ ವಿಎಂ ಗಡಿ ದಾಟಿ ಹೋಗಿಬರಬೇಕು, ಸಣ್ಣ ಸಣ್ಣ ಫೈಲ್‌ಗಳು ಸಾವಿರಗಟ್ಟಲೆ. ಡಬ್ಲ್ಯೂಎಸ್‌ಎಲ್ 2ರಲ್ಲಿ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ವಿಂಡೋಸ್ ಡ್ರೈವ್ ಮೇಲೆ ಬಿಲ್ಡ್ ಮಾಡುವವರ ಗೋಳೂ ಇದೇ. ಕೋಡನ್ನು ವಿಎಂನ ಸ್ವಂತ ಡಿಸ್ಕಿಗೆ ತಂದುಕೊಳ್ಳಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಶೇರ್ಡ್ ಫೋಲ್ಡರ್‌ನಲ್ಲಿ ಗಡಿಯಾರದ ಕಾಟವೂ ಉಂಟು. ಸಸ್ಪೆಂಡ್ ಮಾಡಿ ಎಬ್ಬಿಸಿದ ವಿಎಂನ ಸಮಯ ಹಿಂದೆ ಬಿದ್ದಿದ್ದರೆ ಹೋಸ್ಟ್‌ನಲ್ಲಿ ಈಗಷ್ಟೇ ಉಳಿಸಿದ ಫೈಲ್ ಅದಕ್ಕೆ 'ಭವಿಷ್ಯದ್ದು'. ಯಾವ ಫೈಲನ್ನು ಮತ್ತೆ ಕಂಪೈಲ್ ಮಾಡಬೇಕು ಅಂತ ತಿಳಿಯಲು ಮೇಕ್ ನಂಬುವುದೇ ಫೈಲ್‌ನ ಸಮಯವನ್ನು. 'ಕ್ಲಾಕ್ ಸ್ಕ್ಯೂ' (ಗಡಿಯಾರ ಹೊಂದುತ್ತಿಲ್ಲ) ಎಚ್ಚರಿಕೆ ಬಂದರೆ ದಯವಿಟ್ಟು ಕಡೆಗಣಿಸಬೇಡಿ, ಸಮಯ ಸರಿಮಾಡಿ ಆಮೇಲೆ ಓಡಿಸಿ.

ಡಿಸ್ಕಿನಲ್ಲಿ ಜಾಗವಿದ್ದೂ ಜಾಗವಿಲ್ಲ ಅನ್ನುತ್ತಿದ್ದರೆ ಡಿಎಫ್ ಮೈನಸ್ ಐ ನೋಡಿ, ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆ) ಮುಗಿದಿರಬಹುದು.

ಸಹಾಯ ಕೇಳುವವರಲ್ಲಿ ಒಂದು ಬೇಡಿಕೆ. ಕೊನೆಯ 'ಎರರ್ 2' ಸಾಲನ್ನಷ್ಟೇ ಕಳಿಸಬೇಡಿ, ಅದರಿಂದ ಯಾರಿಗೂ ಏನೂ ಗೊತ್ತಾಗದು. ಹಲವು ಜಾಬ್ ಒಟ್ಟಿಗೆ ಓಡುವಾಗ ನಿಜವಾದ ಎರರ್ ಎಷ್ಟೋ ಮೇಲೆ ಹೋಗಿರುತ್ತದೆ. ಜೆ 1ರಲ್ಲಿ ಇನ್ನೊಮ್ಮೆ ಓಡಿಸಿ, ಮೊದಲು ಬಂದ ಎರರ್ ಕಳಿಸಿ, ಜೊತೆಗೆ ವಿಎಂಗೆ ಎಷ್ಟು ಮೆಮೊರಿ ಕೊಟ್ಟಿದ್ದೀರಿ ಅಂತ ಬರೆಯಿರಿ.