ಪ್ರಿಂಟರಿನ ನೀರಗಂಟಿ

ತಿಂಗಳ 20ನೇ ತಾರೀಖು ಮಾಸಿಕ ಜಿಎಸ್‌ಟಿ 3ಬಿ ರಿಟರ್ನಿಗೆ ಕಡೇ ದಿನ. ಆ ಹೊತ್ತಿಗೆ ಮಂಡ್ಯದ ವಿ.ವಿ. ರಸ್ತೆಯ ಯಾವುದಾದರೂ ಆಡಿಟರ್ ಆಫೀಸಿನ ಮೆಟ್ಟಿಲು ಹತ್ತಿದರೆ ಒಳಗಿಂದ ಒಂದು ಕೂಗು ಕೇಳಿಸೀತು: “ಅಕ್ಕೋ, ಸಿಸ್ಟಮ್ ಆಫ್ ಮಾಡ್ಬುಟ್ರಾ?”

ಅಕ್ಕ ಆಫ್ ಏನೂ ಮಾಡಿಲ್ಲ, ಊಟದ ಡಬ್ಬಿ ಹಿಡಿದು ಎದ್ದಿದ್ದಾರೆ ಅಷ್ಟೆ. ಆದರೆ ಇಡೀ ಆಫೀಸಿನ ಒಂದೇ ಒಂದು ಪ್ರಿಂಟರಿನ ಯುಎಸ್‌ಬಿ ವೈರು ಸಿಕ್ಕಿಸಿರುವುದು ಅವರ ಸಿಸ್ಟಮ್ಮಿಗೆ. ಯಾರೂ ಮುಟ್ಟಲಿಲ್ಲವೆಂದು ಅದು ನಿದ್ದೆಗೆ ಜಾರಿದೆ. ಉಳಿದ ಐದು ಸಿಸ್ಟಮ್ಮುಗಳಲ್ಲಿ ಪ್ರಿಂಟರ್ ‘ಆಫ್‌ಲೈನ್’.

ನಾಲೆ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯುತ್ತಿದೆ ಅಂದ ಮಾತ್ರಕ್ಕೆ ಗದ್ದೆಗೆ ಬಂದುಬಿಡುವುದಿಲ್ಲ. ತೂಬು ತೆರೆದಿರಬೇಕು, ನೀರು ಹಂಚುವ ನೀರಗಂಟಿ ಸರದಿ ಬಿಡಬೇಕು. ಅಕ್ಕನ ಸಿಸ್ಟಮ್ಮೇ ಇಲ್ಲಿನ ತೂಬು. ಅದರೊಳಗೆ ಕಣ್ಣಿಗೆ ಬೀಳದೆ ಕೂತಿರುವ ‘ಪ್ರಿಂಟ್ ಸ್ಪೂಲರ್’ ನೀರಗಂಟಿ. ಆರು ಕಡೆಯಿಂದ ಬಂದದ್ದನ್ನು ಫೈಲು ಮಾಡಿಟ್ಟುಕೊಂಡು ಒಂದೊಂದಾಗಿ ಪ್ರಿಂಟರಿಗೆ ಬಿಡುವುದು ಅವನ ಕೆಲಸ.

ಒಂದೇ ಪ್ರಿಂಟರನ್ನು ಹೀಗೆ ಎಲ್ಲರಿಗೂ ಶೇರ್ ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ಪ್ರಿಂಟರ್ ಪ್ರಾಪರ್ಟೀಸಿನ ಶೇರಿಂಗ್ ಪುಟದಲ್ಲಿ ಒಂದು ಟಿಕ್, ಒಂದು ಹೆಸರು. ಹೆಸರು ಗಿಡ್ಡಗಿರಲಿ, ನಡುವೆ ಜಾಗ ಬಿಡುವುದು ಬೇಡ, ‘ಲೇಸರ್1’ ಸಾಕು. ಬೇರೆ ಸಿಸ್ಟಮ್ಮಿನ ರನ್ ಪೆಟ್ಟಿಗೆಯಲ್ಲಿ ಎರಡು ಹಿಮ್ಮುಖ ಗೀಟು (\\) ಎಳೆದು ಅಕ್ಕನ ಸಿಸ್ಟಮ್ಮಿನ ಹೆಸರು ಬರೆದರೆ ಪ್ರಿಂಟರ್ ಕಾಣಬೇಕು. ಕಾಣದಿದ್ದರೆ ಮೊದಲು ನೋಡಬೇಕಾದ್ದು, ಅಕ್ಕನ ಸಿಸ್ಟಮ್ಮಿನಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದೆಯೋ ‘ಪ್ರೈವೇಟ್’ ಎಂದಿದೆಯೋ. ಪಬ್ಲಿಕ್ ಅಂದರೆ ಬಸ್ ಸ್ಟ್ಯಾಂಡ್ ಎಂದು ವಿಂಡೋಸಿನ ಲೆಕ್ಕ. ಅಲ್ಲಿ ಅದು ಯಾರಿಗೂ ಮುಖ ಕೊಡುವುದಿಲ್ಲ. ಇನ್ನು, ಪಾಸ್‌ವರ್ಡ್ ಇಲ್ಲದ ಖಾತೆಯ ಹೆಸರಲ್ಲಿ ನೆಟ್‌ವರ್ಕಿನಿಂದ ಒಳಗೆ ಬರಲು ವಿಂಡೋಸ್ ಬಿಡುವುದಿಲ್ಲ. ಸುಲಭವಾಗಲೆಂದು ಪಾಸ್‌ವರ್ಡ್ ತೆಗೆದು ಹಾಕಿದವರೇ ಹೊಸಿಲಾಚೆ ನಿಲ್ಲುವುದು. ಅಕ್ಕನ ಸಿಸ್ಟಮ್ಮಿನಲ್ಲಿ ಪ್ರಿಂಟಿಗೆಂದೇ ಒಂದು ಬೇರೆ ಖಾತೆ ತೆರೆದು, ಅದಕ್ಕೊಂದು ಪಾಸ್‌ವರ್ಡ್ ಇಟ್ಟು, ಉಳಿದ ಐದರಲ್ಲಿ ಅದನ್ನು ನೆನಪಿಟ್ಟುಕೊಳ್ಳಲು ಹೇಳುವುದೇ ನೇರ ದಾರಿ. ಅಕ್ಕನ ಸಿಸ್ಟಮ್ಮಿನ ಸ್ಲೀಪ್ ‘ನೆವರ್’ ಇರಲಿ. ಪರದೆ ಬೇಕಾದರೆ ಆರಲಿ, ಅದರಿಂದ ತೊಂದರೆಯಿಲ್ಲ.

ನಮ್ಮ ಕಡೆ ಆಫೀಸುಗಳಲ್ಲಿ ಇನ್ನೂ ಉಸಿರಾಡುತ್ತಿರುವ ಎಚ್‌ಪಿ ಲೇಸರ್‌ಜೆಟ್ 1020 ತರಹದವಕ್ಕೆ ಈ ತೂಬಿನ ಹಂಗು ತಪ್ಪಿದ್ದಲ್ಲ. ಅದರ ಬೆನ್ನಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಲ್ಯಾನ್ ಕಿಂಡಿಯೇ ಇಲ್ಲ. ಸಾಲದ್ದಕ್ಕೆ ಮರೆಗುಳಿ ಬೇರೆ: ಸ್ವಿಚ್ ಹಾಕಿದಾಗಲೆಲ್ಲ ‘ನೀನು ಪ್ರಿಂಟರ್’ ಎಂಬುದನ್ನೇ ಸಿಸ್ಟಮ್ಮು ಅದಕ್ಕೆ ಮತ್ತೆ ಹೇಳಿಕೊಡಬೇಕು, ಅಂದರೆ ಅದನ್ನು ನಡೆಸುವ ಪ್ರೋಗ್ರಾಮನ್ನು (ಫರ್ಮ್‌ವೇರ್) ತುಂಬಬೇಕು. ಆದರೂ ಇದನ್ನು ಹಳೇ ಸಾಮಾನಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. 12ಎ ಕಾರ್ಟ್ರಿಜ್ಜಿಗೆ ಸುಮಾರು 2000 ಪುಟ, ಅಂದರೆ ನಾಲ್ಕು ರೀಮು. ರೀಫಿಲ್ ಮಾಡುವವರು ಬೀದಿಗೊಬ್ಬರು.

ನೀರಗಂಟಿ ಮುನಿಯುವುದು ಹೀಗೆ. ಯಾರೋ ಹಳೇ ಕ್ರಯಪತ್ರವನ್ನು ಬಣ್ಣದಲ್ಲಿ, ದೊಡ್ಡ ರೆಸಲ್ಯೂಷನ್ನಿನಲ್ಲಿ ಸ್ಕ್ಯಾನ್ ಮಾಡಿ ಅರವತ್ತು ಪುಟಕ್ಕೆ ಪ್ರಿಂಟ್ ಕೊಡುತ್ತಾರೆ. ತೂಬಿಗೆ ಕಸ ಸಿಕ್ಕಿಕೊಂಡಂತೆ ಅದು ಅಲ್ಲೇ ನಿಲ್ಲುತ್ತದೆ, ಹಿಂದಿನವರದ್ದೆಲ್ಲ ಕಾಯುತ್ತದೆ. ಡಿಲೀಟ್ ಮಾಡಿದರೆ ‘ಡಿಲೀಟಿಂಗ್’ ಎಂದು ಬರೆದುಕೊಂಡು ಸಂಜೆಯವರೆಗೂ ಹಾಗೇ ಇರುತ್ತದೆ. ಆಗ ವಿಂಡೋಸಿನ ‘ಸರ್ವೀಸಸ್’ ಪಟ್ಟಿಗೆ ಹೋಗಿ ಪ್ರಿಂಟ್ ಸ್ಪೂಲರನ್ನು ನಿಲ್ಲಿಸಬೇಕು. ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್; ಅಲ್ಲಿರುವ ಫೈಲುಗಳನ್ನಷ್ಟೇ ಅಳಿಸಿ (ಫೋಲ್ಡರನ್ನಲ್ಲ, ಮಾರಾಯ್ರೆ) ಸ್ಪೂಲರನ್ನು ಮತ್ತೆ ಶುರು ಮಾಡಬೇಕು. ಅಕ್ಕನ ಕಡೆ ಶುಚಿ ಮಾಡಿದರೂ ಅದೇ ಕ್ರಯಪತ್ರ ಮತ್ತೆ ಬಂದು ವಕ್ಕರಿಸಿದರೆ ಗಾಬರಿ ಬೇಡ. ಪ್ರಿಂಟ್ ಕೊಟ್ಟವರ ಸಿಸ್ಟಮ್ಮಿನಲ್ಲೂ ಒಬ್ಬ ಮರಿ ನೀರಗಂಟಿ ಇರುತ್ತಾನೆ, ಅವನ ಕೈಲಿ ಇನ್ನೊಂದು ಪ್ರತಿ ಉಳಿದಿರುತ್ತದೆ. ಅಲ್ಲೂ ಇದೇ ಮದ್ದು.

ಕರೆಂಟು ಹೋದಾಗಿನ ಆಟ ಬೇರೆ. ಅಕ್ಕನ ಸಿಸ್ಟಮ್ಮು ಯುಪಿಎಸ್ ಮೇಲೆ ಬದುಕಿರುತ್ತದೆ, ಪ್ರಿಂಟರ್ ಸತ್ತಿರುತ್ತದೆ. ಪ್ರಿಂಟರನ್ನೂ ಅದೇ 600 ವಿಎ ಯುಪಿಎಸ್‌ಗೆ ಸಿಕ್ಕಿಸುವ ಜಾಣರಿದ್ದಾರೆ. ಲೇಸರಿನ ಹೀಟರು ಕಾಯುವಾಗ ಒಂದೇ ಸಲಕ್ಕೆ ನೂರಾರು ವಾಟ್ ಎಳೆಯುತ್ತದೆ, ಯುಪಿಎಸ್ ಕುಯ್ಯೋ ಎಂದು ಎಲ್ಲವನ್ನೂ ಮಲಗಿಸುತ್ತದೆ. ಬೇಡ. ಪ್ರಿಂಟರ್ ಗೋಡೆಯ ಪ್ಲಗ್ಗಿನಲ್ಲೇ ಇರಲಿ. ಕರೆಂಟು ಬರುವಷ್ಟರಲ್ಲಿ ತಾಳ್ಮೆಗೆಟ್ಟವರು ಮೂರು ಸಲ ಒತ್ತಿರುತ್ತಾರೆ. ನೀರಗಂಟಿ ಪ್ರಾಮಾಣಿಕ, ಮೂರನ್ನೂ ಬಿಡುತ್ತಾನೆ.

ಟೋನರ್ ಬೇಗ ಮುಗಿದದ್ದಕ್ಕೆ ಜಗಳವೆದ್ದರೆ ಅವನ ಹತ್ತಿರ ಲೆಕ್ಕದ ಪುಸ್ತಕವೂ ಉಂಟು. ವಿಂಡೋಸಿನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರಿನಲ್ಲಿ ಪ್ರಿಂಟ್‌ಸರ್ವೀಸ್ ಅಡಿಯ ‘ಆಪರೇಷನಲ್’ ಲಾಗ್ ಶುರು ಮಾಡಿಟ್ಟರೆ, 307 ಎಂಬ ನಂಬರಿನಡಿ ಯಾರು, ಎಷ್ಟು ಪುಟ ಎಲ್ಲ ದಾಖಲಾಗುತ್ತದೆ. ಇದು ತಾನಾಗಿ ಆನ್ ಇರುವುದಿಲ್ಲ, ಅದೇ ಒಳ್ಳೆಯದೇನೋ. ಮಗಳ ಸ್ಕೂಲ್ ಪ್ರಾಜೆಕ್ಟ್ ಮೂವತ್ತು ಪುಟ ತೆಗೆದವರ ಹೆಸರು ಹೊರಬಂದರೆ ಯಾರಿಗೆ ಸುಖ?

2021ರಲ್ಲಿ ಈ ನೀರಗಂಟಿಯ ಮೇಲೇ ದೊಡ್ಡ ಆರೋಪ ಬಂತು. ಸ್ಪೂಲರಿನ ತೂತಿನಿಂದ ಕಳ್ಳರು ಇಡೀ ಸಿಸ್ಟಮ್ಮಿನ ಯಜಮಾನಿಕೆ ಹಿಡಿಯಬಹುದೆಂದು ಬಯಲಾಯಿತು. ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಿಟ್ಟರು. ಮೈಕ್ರೋಸಾಫ್ಟ್ ತೇಪೆಯ ಮೇಲೆ ತೇಪೆ ಹಾಕಿತು. ಸೆಪ್ಟೆಂಬರಿನ ತೇಪೆ ಬಿದ್ದ ಮೇಲೆ ನಿನ್ನೆವರೆಗೂ ಬರುತ್ತಿದ್ದ ಪ್ರಿಂಟು ನಿಂತು, ನಂಬರಿನ ಕೊನೆಯಲ್ಲಿ 11ಬಿ ಇರುವ ಎರರ್ ಕಾಣಿಸಿಕೊಂಡಿತು. ಅಪ್‌ಡೇಟ್ ಕಿತ್ತುಹಾಕುವುದು ಅಥವಾ ವಿಂಡೋಸಿನ ಒಳ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಒಂದು ಸೊನ್ನೆ ಬರೆಯುವುದು ಅಂದಿನಿಂದ ಇಂದಿನವರೆಗೂ ಚಲಾವಣೆಯಲ್ಲಿರುವ ಉಪಾಯ. ಪ್ರಿಂಟೇನೋ ಬರುತ್ತದೆ, ಮುಚ್ಚಿದ ತೂತೂ ತೆರೆಯುತ್ತದೆ. ಎರಡೂ ಕಡೆಯ ಸಿಸ್ಟಮ್ಮುಗಳಿಗೆ ಅಪ್‌ಡೇಟ್ ಪೂರ್ತಿ ಹಾಕಿ ಮತ್ತೆ ಜೋಡಿಸುವುದು ತಡವಾದರೂ ಸರಿಯಾದದ್ದು.

ಇಷ್ಟರ ನಡುವೆ ಪೆನ್‌ಡ್ರೈವ್ ಹಿಡಿದು ಅಕ್ಕನ ಸಿಸ್ಟಮ್ಮಿಗೇ ಓಡುವ ಪಂಗಡವೊಂದಿದೆ. ಅವರಿಗೆ ಶಾಸ್ತಿ ಮಾಡುವುದು ಕನ್ನಡ ಟೈಪಿಸುವ ತಂತ್ರಾಂಶ ‘ನುಡಿ’. ಹಳೇ ನುಡಿ ಫಾಂಟಿನಲ್ಲಿ ಟೈಪಿಸಿದ ಪತ್ರವನ್ನು ಆ ಫಾಂಟಿಲ್ಲದ ಸಿಸ್ಟಮ್ಮಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಬಂದು ಕೂರುತ್ತದೆ. ಶೇರ್ ಮಾಡಿದ ಪ್ರಿಂಟರಿಗೆ ತಮ್ಮ ಸಿಸ್ಟಮ್ಮಿನಿಂದಲೇ ಕೊಟ್ಟರೆ ಅಕ್ಷರ ಕೊಟ್ಟವರ ಕಡೆಯಲ್ಲೇ ರೂಪ ತಾಳುವುದರಿಂದ ಈ ಪೇಚಿಲ್ಲ.

ಕೊನೆಗೊಂದು ದಿನ ಸಾಹೇಬರು ಲ್ಯಾನ್ ಕಿಂಡಿಯ ಪ್ರಿಂಟರ್ ತರಿಸುತ್ತಾರೆ. ನೇರ ನೆಟ್‌ವರ್ಕ್ ಸ್ವಿಚ್ಚಿಗೆ ಕೇಬಲ್, ಅಕ್ಕನಿಗೆ ಬಿಡುಗಡೆ. ಜೋಡಿಸಿದವನು ರೌಟರ್ ಕೊಟ್ಟ ಐಪಿಯನ್ನೇ, ಅಂದರೆ ನೆಟ್‌ವರ್ಕ್ ವಿಳಾಸವನ್ನೇ, ನಂಬಿ ಹೋಗಿದ್ದರೆ, ರೌಟರ್ ಆರಿಹೊತ್ತಿದ ಯಾವುದೋ ದಿನ ಪ್ರಿಂಟರಿನ ವಿಳಾಸ ಬದಲಾಗಿ ಆರೂ ಜನಕ್ಕೆ ಒಟ್ಟಿಗೇ ಆಫ್‌ಲೈನ್. 192.168.1.50ರಂಥದ್ದೊಂದನ್ನು ರೌಟರಿನಲ್ಲೇ ಪ್ರಿಂಟರಿನ ಹೆಸರಿಗೆ ಕಾಯ್ದಿರಿಸಿ, ಸಿಸ್ಟಮ್ಮುಗಳಲ್ಲಿ ಆ ಐಪಿ ಕೊಟ್ಟು ಪ್ರಿಂಟರಿಗೆ ಹೋಗುವ ದಾರಿಯಾದ ಟಿಸಿಪಿ ಪೋರ್ಟ್ ಮಾಡಬೇಕು. ‘ಇದ್ದೀಯಾ?’ ಎಂದು ಕೇಳುವ ಪಿಂಗ್‌ಗೆ ಪ್ರಿಂಟರ್ ಓಗೊಟ್ಟರೂ ಸಿಸ್ಟಮ್ಮು ಆಫ್‌ಲೈನ್ ಎನ್ನುತ್ತಿದ್ದರೆ ಪೋರ್ಟಿನ ಸೆಟ್ಟಿಂಗಿನಲ್ಲಿ, ಪ್ರಿಂಟರಿನ ಸ್ಥಿತಿ ವಿಚಾರಿಸುವ ಎಸ್‌ಎನ್‌ಎಂಪಿಯ ಟಿಕ್ ತೆಗೆದು ನೋಡಬೇಕು.

ಅದೆಲ್ಲ ಸರಿಯಾದ ಮೇಲೂ ಒಂದು ಮಧ್ಯಾಹ್ನ ಕಿತ್ತಳೆ ದೀಪ ಮಿಣುಕುತ್ತದೆ. ಟ್ರೇ ತುಂಬ ಹಾಳೆಯಿದೆ, ಜಾಮ್ ಇಲ್ಲ. ಒಬ್ಬರು ಕಾರ್ಟ್ರಿಜ್ ಅಲುಗಿಸುತ್ತಾರೆ, ಇನ್ನೊಬ್ಬರು ಕೇಬಲ್ ಕಿತ್ತು ಹಾಕುತ್ತಾರೆ. ಪುಟ್ಟ ಪರದೆಯಲ್ಲಿ ‘ಲೋಡ್ ಲೆಟರ್’ ಎಂದಿರುವುದನ್ನು ಓದುವುದು ಊಟ ಮುಗಿಸಿ ಬಂದ ಅಕ್ಕನೇ. “ಯಾರ್ಲಾ ಎ4 ಬಿಟ್ಟು ಲೆಟರ್ ಸೈಜ್‌ಗೆ ಕೊಟ್ಟೋನು?”