ಬಿಳಿ ಏಪ್ರನ್ನು, ನಿಂತ ಒನಕೆ

ಗ್ರಹಣ ಹತ್ತಿರ ಬಂತೆಂದರೆ ಹುಬ್ಬಳ್ಳಿಯಲ್ಲಿ ಒನಕೆಗೆ ಮತ್ತೆ ಬೆಲೆ ಬರುತ್ತದೆ. ಖಾರ ಕುಟ್ಟುವ ಗಿರಣಿ ಬಂದ ಮೇಲೆ ಹಿತ್ತಲ ಗೋಡೆಗೆ ಒರಗಿ, ಜೇಡರ ಬಲೆ ಕಟ್ಟಿಸಿಕೊಂಡಿದ್ದ ಮರದ ತುಂಡು ಒಂದು ದಿನದ ಮಟ್ಟಿಗೆ ವೈಜ್ಞಾನಿಕ ಉಪಕರಣವಾಗುತ್ತದೆ. ತೊಳೆದು, ಅರಿಷಿಣ ಕುಂಕುಮ ಹಚ್ಚಿ, ನೀರು ತುಂಬಿದ ಹಿತ್ತಾಳೆ ಪರಾತದಲ್ಲಿ ನೆಟ್ಟಗೆ ನಿಲ್ಲಿಸುವುದು ಪದ್ಧತಿ. ಗ್ರಹಣ ಹಿಡಿದಾಗ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬುದು ನಂಬಿಕೆ. ಮನೆಯೊಳಗಿದ್ದಷ್ಟು ದಿನ ಅದು ನಂಬಿಕೆಯಾಗಿಯೇ ಇತ್ತು, ಯಾರಿಗೂ ತ್ರಾಸಿರಲಿಲ್ಲ. ಟಿವಿಯವರು ಬಂದರು, ಅದು ಪ್ರಯೋಗವಾಯಿತು.

ಹಳೇ ಹುಬ್ಬಳ್ಳಿಯ ಯಾವುದೋ ಓಣಿಯ ಪಡಸಾಲೆ ಎಂದುಕೊಳ್ಳಿ. ಬಿಳಿ ಏಪ್ರನ್ ತೊಟ್ಟ ನಿರೂಪಕ. ವಿದ್ಯಾನಗರದಲ್ಲಿ ಮೆಡಿಕಲ್ ಓದುವ ಹುಡುಗರು ತೊಡುವಂಥದೇ ಏಪ್ರನ್ನು, ಇಸ್ತ್ರಿ ಮಾತ್ರ ಅವರದಕ್ಕಿಂತ ಚೊಲೋ ಇದೆ. ‘ವೀಕ್ಷಕರೇ, ನಿಮ್ಮ ಕಣ್ಣೆದುರೇ ಲೈವ್ ಪ್ರಯೋಗ!’ ಎಂದು ಒನಕೆ ಬಿಡುತ್ತಾನೆ, ಅದು ವಾಲುತ್ತದೆ. ಮತ್ತೆ ಬಿಡುತ್ತಾನೆ, ಮತ್ತೆ ವಾಲುತ್ತದೆ. ಮೂರನೇ ಸಲ ಮೂಲೆಯಲ್ಲಿ ಕುಳಿತ ಆಯಿಗೆ ತಡೆಯಲಾಗುವುದಿಲ್ಲ. ‘ತಮ್ಮಾ, ಆ ಬದಿ ಸವದೈತಿ. ತಿರುವಿ ಕಬ್ಬಿಣದ ಬಳೆ ಇದ್ದ ಬದಿ ಕೆಳಗ ಮಾಡು. ಮೊದಲ ಆ ಫ್ಯಾನ್ ಆರಸು.’ ತಿರುವುತ್ತಾರೆ, ಆರಿಸುತ್ತಾರೆ, ನಿಲ್ಲುತ್ತದೆ. ಕೆಂಪು ಪಟ್ಟಿಯಲ್ಲಿ ‘ಒನಕೆ ನಿಲ್ಲಿಸಿದ ಗ್ರಹಣ: ವಿಜ್ಞಾನಕ್ಕೇ ಸವಾಲು’ ಎಂದು ಓಡತೊಡಗುತ್ತದೆ. ಇಡೀ ಪ್ರಸಾರದಲ್ಲಿ ಭೌತಶಾಸ್ತ್ರ ಅಂತ ಏನಾದರೂ ಇದ್ದರೆ ಆಯಿಯ ಆ ಮೂರು ಮಾತಿನಲ್ಲಿತ್ತು. ಅದನ್ನು ಹಿನ್ನೆಲೆಯ ಡಮರುಗದ ಸದ್ದು ನುಂಗಿ ಹಾಕಿತು.

ಆಯಿ ಹೇಳಿದ್ದನ್ನೇ ಲೆಕ್ಕ ಹಾಕಿ ನೋಡೋಣ. ನಾಲ್ಕಡಿ ಉದ್ದ, ಅಂದರೆ 120 ಸೆಂ.ಮೀ., ತಳದ ಅಗಲ 6 ಸೆಂ.ಮೀ., ತೂಕ 4 ಕಿಲೋ ಎಂದಿಟ್ಟುಕೊಳ್ಳಿ. ಭಾರ ಉದ್ದಕ್ಕೂ ಒಂದೇ ಸಮ ಇದ್ದರೆ ಗುರುತ್ವಕೇಂದ್ರ 60 ಸೆಂ.ಮೀ. ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿಟ್ಟ ತೂಗುಗುಂಡು ತಳದ ಅಂಚು ದಾಟುವವರೆಗೆ ಒನಕೆ ಬೀಳುವುದಿಲ್ಲ. ಲೆಕ್ಕಕ್ಕೆ ಆ ವಾಲಿಕೆ ಸುಮಾರು 3 ಡಿಗ್ರಿ. ಕಣ್ಣಳತೆಯಲ್ಲಿ ಹೇಳಬೇಕೆಂದರೆ, ತಳ ಎಷ್ಟು ಅಗಲವೋ ಮೇಲಿನ ತುದಿ ಅಷ್ಟು ಸರಿಯುವವರೆಗೂ ಅವಕಾಶವಿದೆ. ಇಲ್ಲಿ 6 ಸೆಂ.ಮೀ. ಅದೇನು ಸಣ್ಣ ಅವಕಾಶವಲ್ಲ. ಕಬ್ಬಿಣದ ಬಳೆ ಕೂಡಿಸಿದ ಬದಿ ಕೆಳಗಿದ್ದರೆ ತಳವೂ ಸಪಾಟ, ಭಾರವೂ ಕೆಳಗೆ, ಇನ್ನೂ ಅನುಕೂಲ. ಕುಟ್ಟಿ ಕುಟ್ಟಿ ಗುಂಡಗಾದ ಬದಿಗೆ 6 ಸೆಂ.ಮೀ. ತಳವೇ ಇರುವುದಿಲ್ಲ. ಎರಡು ಮೂರು ಸೆಂ.ಮೀ. ಉಳಿದಿದ್ದರೆ ಪುಣ್ಯ.

ನೀರು ಯಾಕೆ ಎಂದರೆ ಗ್ರಹಣದ ದೋಷ ಹೀರಲಿಕ್ಕೆ ಎನ್ನುತ್ತಾರೆ. ಗೌಂಡಿಯವರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಪರಾತದ ನೀರು ರಸಮಟ್ಟದ ಕೆಲಸ ಮಾಡುತ್ತದೆ. ಒಂದು ಅಂಚಿಗೆ ನೀರು ಹೆಚ್ಚು ಬಂದರೆ ನೆಲ ಆ ಕಡೆ ಇಳಿಜಾರು, ಅಡಿಗೆ ರಟ್ಟಿನ ಚೂರು ಕೊಡಬೇಕು. ಪರಾತ ತಳ ಸಪಾಟಾದ, ದಪ್ಪ ಹಿತ್ತಾಳೆಯದೇ ಆಗಬೇಕು. ತೆಳು ಸ್ಟೀಲಿನದು ನಡುವೆ ಉಬ್ಬಿರುತ್ತದೆ, ತೂಗಾಡುತ್ತದೆ. ಶಹಾಬಾದ್ ಫರಸಿಯ ಮೇಲೆ ಬೇಗ ನಿಲ್ಲುತ್ತದೆ, ಸಗಣಿ ಸಾರಿಸಿದ ನೆಲದ ಮೇಲೆ ಸತಾಯಿಸುತ್ತದೆ. ಎರಡೂ ಕೈಯಲ್ಲಿ ಎದೆಮಟ್ಟದಲ್ಲಿ ಹಿಡಿದು, ಯಾವ ಕಡೆಗೂ ಭಾರ ತಾಗುತ್ತಿಲ್ಲ ಅನ್ನಿಸಿದ ಮೇಲೆ ಒಂದೊಂದೇ ಬೆರಳು ಸಡಿಲಿಸಬೇಕು. ಪಟ್ಟನೆ ಕೈ ತೆಗೆದರೆ ಕೈಯೇ ತಳ್ಳಿಬಿಡುತ್ತದೆ. ತುದಿಗೆ ಅಡ್ಡಲಾಗಿ ಸುಮಾರು 100 ಗ್ರಾಂ ತೂಕದಷ್ಟು ನೂಕಿದರೂ ಸಾಕು, ಉರುಳುತ್ತದೆ. ಕ್ಯಾಮೆರಾದವನ ಮೊಣಕೈ ಅಷ್ಟು ಧಾರಾಳವಾಗಿ ಕೊಡುತ್ತದೆ.

ಇನ್ನು ‘ಸೂರ್ಯ ಚಂದ್ರ ಒಂದೇ ಸಾಲಿಗೆ ಬಂದು ಮೇಲಕ್ಕೆ ಜಗ್ಗುತ್ತಾರೆ’ ಎಂಬ ಸ್ಟುಡಿಯೋ ಸಿದ್ಧಾಂತ. ಜಗ್ಗುವುದು ಖರೆ. ಸಮುದ್ರದ ಭರತ ಇಳಿತ ಆಗುವುದೇ ಆ ಜಗ್ಗಾಟದಿಂದ. ಇಬ್ಬರೂ ನೆತ್ತಿಯ ಮೇಲೆ ನಿಂತು ಜಗ್ಗಿದರೂ 4 ಕಿಲೋ ಒನಕೆಯ ತೂಕದಲ್ಲಿ ಇಳಿಯುವುದು ಒಂದು ಮಿಲಿಗ್ರಾಂ ಸಹ ಇಲ್ಲ. ಒಂದು ಸಾಸಿವೆ ಕಾಳು ಅದಕ್ಕಿಂತ ಭಾರ. ಒನಕೆ ಉರುಳಿಸಲಿಕ್ಕೆ ಬೇಕಾದ ನೂಕು ಸೂರ್ಯ ಚಂದ್ರರ ಆ ಜಗ್ಗಾಟದ ಲಕ್ಷ ಪಟ್ಟಿಗೂ ಹೆಚ್ಚು. ಅಂದರೆ ನಿರೂಪಕ ಹತ್ತಿರ ನಿಂತು ಬಿಡುವ ಉಸಿರು ಗ್ರಹಣಕ್ಕಿಂತ ಬಲಶಾಲಿ. ಇನ್ನೊಂದು ಮಾತು, ಪ್ರತಿ ಅಮಾವಾಸ್ಯೆಗೂ ಇಬ್ಬರೂ ಒಂದೇ ಕಡೆ ಬಂದು ಹೆಚ್ಚುಕಡಿಮೆ ಅಷ್ಟೇ ಜಗ್ಗುತ್ತಾರೆ. ಆ ಲೆಕ್ಕಕ್ಕೆ ತಿಂಗಳಿಗೊಮ್ಮೆ ಹುಬ್ಬಳ್ಳಿಯ ಒನಕೆಗಳೆಲ್ಲ ತಾವೇ ಎದ್ದು ನಿಲ್ಲಬೇಕಿತ್ತು. ಅಮಾವಾಸ್ಯೆಯ ದಿನ ಟಿವಿಯವರ ನೇರ ಪ್ರಸಾರದ ಓಬಿ ವ್ಯಾನು ಯಾವ ಓಣಿಗೂ ಬಂದದ್ದಿಲ್ಲ.

ಈ ಊರು ಗ್ರಹಣಕ್ಕೆ ಹೊಸದೇನಲ್ಲ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ ಕಡೆಯಿಂದ ಒಳಬಂದು, ಹುಬ್ಬಳ್ಳಿಯ ಮೇಲೆ ಹಾಯ್ದು ರಾಯಚೂರು ದಾಟಿ ಹೋಗಿತ್ತು. ಅವತ್ತು ದಿಲ್ಲಿಯಲ್ಲಿ ದೂರದರ್ಶನ, ಜನ ಮನೆ ಬಿಟ್ಟು ಹೊರಬರದಿರಲಿ ಎಂದು ಹಿಂದಿ ಸಿನಿಮಾ ಹಾಕಿತ್ತು. 1995ರ ಅಕ್ಟೋಬರ್ 24ರ ಗ್ರಹಣಕ್ಕೆ ಅದೇ ದೂರದರ್ಶನ ಭೌತವಿಜ್ಞಾನಿ ಪ್ರೊಫೆಸರ್ ಯಶಪಾಲ್ ಅವರನ್ನು ಕೂರಿಸಿ ನೇರ ಪ್ರಸಾರ ಮಾಡಿತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ಹೊತ್ತಿಗೆ ಕಲಬುರಗಿ ಹತ್ತಿರ ಅಂಗವಿಕಲ ಮಕ್ಕಳನ್ನು ವಾಸಿಯಾಗಲಿ ಎಂದು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಹೊತ್ತಿಗೆ ಕೈಯಲ್ಲಿ ಚಾನೆಲ್‌ಗಳು ಎಷ್ಟಿದ್ದವು ಎಂದು ಎಣಿಸಲಿಕ್ಕೆ ರಿಮೋಟಿನ ಗುಂಡಿ ಸಾಲುತ್ತಿರಲಿಲ್ಲ.

ಹಾಗಾದರೆ ಏಪ್ರನ್ ತೊಟ್ಟ ಈ ತಮ್ಮ ವಿಜ್ಞಾನಿಯೋ ಅಲ್ಲವೋ? ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಎನ್ನುವುದು ಹಳೇ ಮಾತು. ಈಗ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯದ ಜೊತೆಗೆ 2016ರಿಂದ ಐಐಟಿಯೂ ಇರುವುದರಿಂದ ಸಂಶೋಧಕರ ಮನೆ ಮೇಲೆ ಬೀಳುವ ಸಂಭವವೇ ಹೆಚ್ಚು. ಅಂಥವರಲ್ಲಿ ಕೆಲವರ ಉತ್ತರ ಸಿದ್ಧ ಇರುತ್ತದೆ: ‘ಡಿಗ್ರಿ ಇಲ್ಲ, ಪೇಪರ್ ಇಲ್ಲ, ಅಂವ ಎಲ್ಲಿ ವಿಜ್ಞಾನಿ?’ ಈ ಅಳತೆಗೋಲು ಹಿಡಿದರೆ ವಿದ್ಯುತ್ ವಿಜ್ಞಾನಕ್ಕೆ ಬುನಾದಿ ಹಾಕಿದ ಮೈಕೆಲ್ ಫ್ಯಾರಡೆಯೂ ಹೊರಗೆ. ಅವರು ಲಂಡನ್ನಿನ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯಲು ಕಲಿತವರು, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮೇಲಾಗಿ ಪಕ್ಕಾ ಮನರಂಜನೆಯವರು. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಶುರುವಾದ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಒಂದು ಮೇಣದಬತ್ತಿ ಹಚ್ಚಿಟ್ಟು ಮಕ್ಕಳನ್ನು ಕೂರಿಸಿದವರು. ಮುದ್ರಣ ಕಾಶಿ ಅನ್ನಿಸಿಕೊಂಡ ಗದಗಿನಲ್ಲಿ ಹುಟ್ಟಿದ್ದರೆ ಪಂಚಾಂಗ ಬೈಂಡ್ ಮಾಡುತ್ತ, ಒನಕೆ ನಿಲ್ಲಿಸುವ ಮುಹೂರ್ತ ಎಷ್ಟನೇ ಪುಟದಲ್ಲಿದೆ ಎಂದು ಗಿರಾಕಿಗಳಿಗೆ ಹೇಳುತ್ತ ಇರುತ್ತಿದ್ದರೋ ಏನೋ.

ಇನ್ನೊಂದು ಪಂಗಡದ್ದು ಉಲ್ಟಾ: ‘ಪ್ರಯೋಗ ಮಾಡಿದಾರಲ್ರಿ, ಮತ್ತೇನು ಬೇಕು?’ ಇವರು ಕೂಡಲೇ, ಜನರ ನಂಬಿಕೆಗಳನ್ನು ಪರೀಕ್ಷಿಸಿ ತೋರಿಸುತ್ತಿದ್ದ ಅಮೆರಿಕದ ಟಿವಿ ಕಾರ್ಯಕ್ರಮ ‘ಮಿಥ್‌ಬಸ್ಟರ್ಸ್’ ಹೆಸರು ತೆಗೆಯುತ್ತಾರೆ. 2003ರಲ್ಲಿ ಡಿಸ್ಕವರಿ ಚಾನೆಲ್‌ನಲ್ಲಿ ಶುರುವಾದ ಆ ಕಾರ್ಯಕ್ರಮದ ಆ್ಯಡಮ್ ಸ್ಯಾವೇಜ್ ಮತ್ತು ಜೇಮಿ ಹೈನ್‌ಮನ್ ಸಿನಿಮಾಗಳಿಗೆ ಸ್ಪೆಷಲ್ ಎಫೆಕ್ಟ್ಸ್ ಮಾಡುತ್ತಿದ್ದವರು. ಹೈನ್‌ಮನ್ ಕಾಲೇಜಿನಲ್ಲಿ ಓದಿದ್ದು ರಷ್ಯನ್ ಭಾಷೆ ಸಾಹಿತ್ಯ. ಆದರೂ ಆ ಹೆಸರು ಸುಮ್ಮನೆ ತೆಗೆಯುವಂಥದಲ್ಲ. ಆರ್ಕಿಮಿಡೀಸ್ ಕನ್ನಡಿ ಹಿಡಿದು ಬಿಸಿಲಿನಿಂದ ಶತ್ರು ಹಡಗು ಸುಟ್ಟ ಎಂಬ ಕಥೆಯನ್ನು 2004ರಲ್ಲಿ ಪರೀಕ್ಷಿಸಿ ಸುಳ್ಳೆಂದರು. ನೀವು ಮಾಡಿದ್ದು ಸರಿಯಿಲ್ಲ ಎಂದು ನೋಡುಗರು ತಕರಾರು ತೆಗೆದರು, 2006ರಲ್ಲಿ ಮತ್ತೆ ಮಾಡಿದರು. 2010ರಲ್ಲಿ ಅಧ್ಯಕ್ಷ ಒಬಾಮ ಕೇಳಿದರೆಂದು 500 ಜನರ ಕೈಗೆ ಕನ್ನಡಿ ಕೊಟ್ಟು ಮೂರನೇ ಸಲವೂ ಮಾಡಿದರು. ಹಡಗು ಹತ್ತಿಕೊಳ್ಳಲಿಲ್ಲ. ‘ಹತ್ತಲಿಲ್ಲ’ ಎಂಬುದನ್ನೇ ತೋರಿಸಿದರು. ನಮ್ಮ ಚಾನೆಲ್‌ನಲ್ಲಾದರೆ ಅಷ್ಟೊತ್ತಿಗೆ ಯಾರೋ ಹಿಂದಿನಿಂದ ಹೋಗಿ ಸೀಮೆಎಣ್ಣೆ ಹಾಕಿರುತ್ತಿದ್ದರು.

ಹಾಗಂತ ಅವರಿಗೂ ಪೂರಾ ಮಾರ್ಕ್ಸ್ ಕೊಡುವ ಹಾಗಿಲ್ಲ. 2011ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡಬ್ಲಿನ್ ಹತ್ತಿರದ ಪೊಲೀಸರ ಬಾಂಬ್ ಮೈದಾನದಲ್ಲಿ ಹಾರಿಸಿದ ತೋಪಿನ ಗುಂಡು ಗುರಿ ತಪ್ಪಿ ಊರೊಳಗೆ ಹೋಗಿ, ಒಂದು ಮನೆಯನ್ನು ತೂರಿ, ಇನ್ನೊಬ್ಬರ ವ್ಯಾನಿನಲ್ಲಿ ಕೂತಿತು. ಯಾರಿಗೂ ಪೆಟ್ಟಾಗದೆ ಇದ್ದದ್ದು ದೈವ. ಅದಕ್ಕಿಂತ ದೊಡ್ಡ ಗುರಿ ತಪ್ಪಿದ್ದು ಆಕಳಿಕೆಯ ಪ್ರಯೋಗದಲ್ಲಿ. ಒಬ್ಬರ ಆಕಳಿಕೆ ಇನ್ನೊಬ್ಬರಿಗೆ ಅಂಟುತ್ತದೆಯೇ ಎಂದು 50 ಜನರ ಮೇಲೆ ನೋಡಿದರು. 34 ಜನರೆದುರು ಬೇಕೆಂದೇ ಆಕಳಿಸಿದಾಗ 10 ಜನ ಆಕಳಿಸಿದರು, 29 ಶೇಕಡಾ. ಯಾರೂ ಆಕಳಿಸಿ ತೋರಿಸದ 16 ಜನರಲ್ಲಿ 4 ಜನ, 25 ಶೇಕಡಾ. ‘ಖಚಿತ’ ಎಂದು ಘೋಷಿಸಿ ಮುಗಿಸಿದರು. ಆ 16ರಲ್ಲಿ ಇನ್ನೊಬ್ಬ ರಾತ್ರಿಪಾಳಿ ಮುಗಿಸಿ ಬಂದವನಿದ್ದು ಆಕಳಿಸಿದ್ದರೆ 5 ಆಗಿ, 31 ಶೇಕಡಾ ಆಗಿ, ತೀರ್ಪೇ ಉಲ್ಟಾ ಹೊಡೆಯುತ್ತಿತ್ತು. ಒಬ್ಬನ ಬಾಯಿ ಮೇಲೆ ನಿಂತ ಫಲಿತಾಂಶ ಅದು. ಆದರೂ ಗಮನಿಸಿ, ಆ 16 ಜನ ಅಲ್ಲಿದ್ದರು. ಸಾಲದಿದ್ದರೂ ಇದ್ದರು. ಅವರಿದ್ದ ಕಾರಣಕ್ಕೇ ಇವತ್ತು ನಾವು ಕುಳಿತು ತಪ್ಪು ಹಿಡಿಯಲು ಬರುತ್ತದೆ. ನಮ್ಮ ಒನಕೆಗೆ ಆ 16 ಯಾರು? ಗ್ರಹಣವಿಲ್ಲದ ದಿನದ ಒನಕೆ. ಅದನ್ನು ಯಾವ ಚಾನೆಲ್ಲೂ ಇದುವರೆಗೆ ಪ್ಯಾನೆಲ್‌ಗೆ ಕರೆದಿಲ್ಲ.

ಪ್ಲಾಸ್ಟಿಕ್ ಅಕ್ಕಿಯ ಕಥೆಯಲ್ಲೂ ಕಾಣೆಯಾದದ್ದು ಇದೇ. ಹಾವೇರಿ, ಗದಗ ಕಡೆ ರೇಷನ್ ಅಂಗಡಿಯ ಮುಂದೆ ವರ್ಷಕ್ಕೊಮ್ಮೆಯಾದರೂ ಇದರ ಆಟ ಇರುತ್ತದೆ. ಅನ್ನ ಹಿಚುಕಿ ಉಂಡೆ ಕಟ್ಟಿ ನೆಲಕ್ಕೆ ಹೊಡೆಯುತ್ತಾರೆ, ಪುಟಿಯುತ್ತದೆ, ‘ನೋಡಿ ವೀಕ್ಷಕರೇ, ರಬ್ಬರ್ ಚೆಂಡು!’ ಬೆಂದ ಅಕ್ಕಿಯ ಪಿಷ್ಟ ಅಂಟಾಗಿರುತ್ತದೆ, ಬಿಗಿಯಾಗಿ ಹಿಚುಕಿದರೆ ಯಾವ ಅನ್ನವೂ ಪುಟಿಯುತ್ತದೆ. ನಿರೂಪಕರ ಮನೆಯ ಸೋನಾ ಮಸೂರಿಯೂ ಪುಟಿಯುತ್ತದೆ. ಅದನ್ನು ಪಕ್ಕದಲ್ಲಿಟ್ಟು ಹೊಡೆದಿದ್ದರೆ ಎಪಿಸೋಡು ಎರಡು ನಿಮಿಷಕ್ಕೆ ಮುಗಿದು, ಜಾಹೀರಾತಿಗೆ ಜಾಗ ಸಾಲುತ್ತಿರಲಿಲ್ಲ. ಪ್ಲಾಸ್ಟಿಕ್ ಹೌದೋ ಅಲ್ಲವೋ ನೋಡಲು ಬಾಣಲೆ ಸಾಕು. ಪ್ಲಾಸ್ಟಿಕ್ ಕರಗಿ ಎಳೆ ಬರುತ್ತದೆ, ಅಕ್ಕಿ ಕರಕಾಗಿ ಸೀದ ರೊಟ್ಟಿಯ ವಾಸನೆ ಬರುತ್ತದೆ. ಕುದಿಸಿದರೆ ಅಕ್ಕಿ ನೀರು ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ ನೀರು ಮುಟ್ಟುವುದಿಲ್ಲ. ಅದೂ ಹೋಗಲಿ, ಪ್ಲಾಸ್ಟಿಕ್ ಹರಳಿನ ದರ ಕೇಳಿದ ವ್ಯಾಪಾರಿ ಯಾವನೂ ಅದನ್ನು ಅಕ್ಕಿಗೆ ಬೆರೆಸಿ ಲುಕ್ಸಾನು ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಚೀಲದಲ್ಲಿ ಕಾಣುವ ಆ ಬೇರೆ ಬಣ್ಣದ ಕಾಳು? ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆ್ಯಸಿಡ್, ಬಿ12 ಕಲಸಿ ಯಂತ್ರದಲ್ಲಿ ಒತ್ತಿ ಕಾಳಿನ ಆಕಾರ ಕೊಟ್ಟದ್ದು. 100 ಕಿಲೋ ಅಕ್ಕಿಗೆ 1 ಕಿಲೋ ಬೆರೆಸುತ್ತಾರೆ. ಶಾವಿಗೆಯಂತೆ ಒತ್ತಿದ್ದರಿಂದ ಕೆಲವು ನೀರಿನಲ್ಲಿ ತೇಲುತ್ತವೆ, ಹೊಳಪು ಬೇರೆ ಇರುತ್ತದೆ. ಟಿವಿ ನೋಡಿದ ಮನೆಗಳಲ್ಲಿ ಹೆಣ್ಣುಮಕ್ಕಳು ಮೊರ ಹಿಡಿದು ಕೂತು, ಆ ಕಾಳುಗಳನ್ನೇ ಒಂದೊಂದಾಗಿ ಆರಿಸಿ ಚೆಲ್ಲುತ್ತಾರೆ. ರಕ್ತ ಕಡಿಮೆ ಇರುವವರಿಗೆಂದು ಹಾಕಿದ ಕಬ್ಬಿಣ ತಿಪ್ಪೆಗೆ ಹೋಗುತ್ತದೆ. ಒನಕೆ ಬಿದ್ದರೆ ಕಾಲ ಬೆರಳು ಜಜ್ಜಬಹುದು ಅಷ್ಟೆ. ಈ ಪ್ರಯೋಗದ ಖರ್ಚು ಬೇರೆಯವರ ಮೈಮೇಲೆ ಬೀಳುತ್ತದೆ.

ಬ್ಯಾಡಗಿ ಮೆಣಸಿನಕಾಯಿಯ ಪುಡಿಗೆ ಬಣ್ಣ ಬೆರೆಸಿದ್ದಾರೆ ಎಂಬ ಟಿವಿ ಸುದ್ದಿಯೂ ಅಷ್ಟೇ. ಅದರ ಖಾರ ಕಡಿಮೆ, ಬಣ್ಣ ಜೋರು. ಆ ಬಣ್ಣ ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಅಷ್ಟಾಗಿ ಬಿಡುವುದಿಲ್ಲ. ಮನೆಯಲ್ಲಿ ನೋಡಬೇಕಾದ್ದು ನೀರಿನಲ್ಲಿ: ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದಾಗ ಬಣ್ಣದ ಗೆರೆ ಸರಸರ ಇಳಿದರೆ ಅನುಮಾನಪಡಬೇಕು, ತಳದಲ್ಲಿ ಗರಗರ ಕೂತರೆ ಇಟ್ಟಿಗೆ ಪುಡಿ ಇರಬಹುದು. ಏಪ್ರನ್ನಿನವರು ಬಿಸಿ ಎಣ್ಣೆಗೆ ಹಾಕಿ, ಕೆಂಪಾಯಿತು ಕಲಬೆರಕೆ ಎಂದು ಬೊಬ್ಬೆ ಹಾಕಿದರೆ, ಅವರು ಹಿಡಿದದ್ದು ಆ ಕಾಯಿಗೆ ಬೆಲೆ ತಂದುಕೊಟ್ಟ ಗುಣವನ್ನೇ.

ನಮಗೆ ಕಾಣುವ ಮುಂದಿನ ಸೂರ್ಯಗ್ರಹಣ 2027ರ ಆಗಸ್ಟ್ 2ಕ್ಕೆ. ಖಗ್ರಾಸ ಈಜಿಪ್ಟ್ ಕಡೆ, ನಮಗೆ ಪಾರ್ಶ್ವ. ಏಪ್ರನ್ನುಗಳಿಗೆ ಇಸ್ತ್ರಿ ಬಿದ್ದೇ ಬೀಳುತ್ತದೆ. ಒಂದು ಅರಿಕೆ ಮಾತ್ರ: ಓಬಿ ವ್ಯಾನಿನವರು ಆಗಸ್ಟ್ 3ರ ಮುಂಜಾನೆಯೂ ಅದೇ ಓಣಿಗೆ ಒಂದು ಸಲ ಹಾಯ್ದು ಹೋಗಲಿ. ವ್ಯಾನ್ ಕಳಿಸಲು ಡೀಸೆಲ್ ಇಲ್ಲದಿದ್ದರೆ ಫೋನಾದರೂ ಮಾಡಲಿ.

‘ಆಯಿ, ನಮಸ್ಕಾರ್ರಿ. ನಿನ್ನಿ ಒನಕಿ ಗ್ರಹಣ ಬಿಟ್ಟ ಕೂಡಲೇ ಬಿತ್ತಲ್ರಿ?’

‘ಇಲ್ಲೋ ತಮ್ಮಾ, ರಾತ್ರಿ ಪೂರಾ ನಿಂತಿತ್ತು. ಈಗ ನಾನs ತಗದೆ. ಹಿಟ್ಟು ನಾದಬೇಕಿತ್ತು, ಪರಾತ ಇರೂದು ಒಂದs.’